ಕೆಂಪು ಹುಳುಗಳು ಬಿಟ್ಟ ದಾರಿ

ದೆವ್ವ, ಗಾಳಿ ಎಂದರೆ ನಗುತ್ತಿದ್ದವನು ನಾನು. ಪ್ರಾಣಿಶಾಸ್ತ್ರ ಕಲಿಸುವವನು ನಗದೆ ಇನ್ನೇನು ಮಾಡಬೇಕು? ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಹಿಮಾಯತ್‌ನಗರದ ನಮ್ಮ ಕಾಲೇಜಿನ ಮಕ್ಕಳಿಗೆ ತೋರಿಸಲು ಕೆಸರಿನ ಕೆಂಪು ಹುಳು ಬೇಕಿತ್ತು. ಜೀಡಿಮೆಟ್ಲಾದ ಕಾರ್ಖಾನೆಗಳ ಆಚೆ ಒಂದು ಕೆರೆಯಲ್ಲಿ ಯಾದಗಿರಿ ಕಡೆಯ ಮಲ್ಲವ್ವ ಅವನ್ನು ತೆಗೆದು ಅಕ್ವೇರಿಯಂ ಅಂಗಡಿಗಳಿಗೆ ಕೊಡುತ್ತಿದ್ದಳು. ದಾರದಷ್ಟು ಸಣ್ಣ ಹುಳು. ತಲೆಯನ್ನು ಕೆಸರಿನಲ್ಲಿ ಹುಗಿದು ಕೊಳೆತದ್ದನ್ನು ತಿನ್ನುತ್ತದೆ, ಬಾಲವನ್ನು ನೀರಿನಲ್ಲಿ ಆಡಿಸುತ್ತ ಉಸಿರಾಡುತ್ತದೆ. ಹೆಜ್ಜೆಯ ಅದುರು ತಾಗಿದರೆ ಥಟ್ಟನೆ ಒಳಗೆ ಸೇರುತ್ತದೆ.

ನಾನು ಹೋದಾಗ ಮಲ್ಲವ್ವ ದಂಡೆಗೆ ತಾಗಿದಂತೆ ಕೆಸರಿನ ಮೇಲೆ ಹಳೆಯ ಬಾಗಿಲೊಂದನ್ನು ಹಾಸಿ, ಅದರ ಮೇಲೆ ಕೂತು ಕೆಲಸ ಮಾಡುತ್ತಿದ್ದಳು. ನನ್ನನ್ನೂ ಅದರ ಮೇಲೆ ಕೂರಿಸಿಕೊಂಡಳು. “ಬಾಗಲಾ ಬಿಟ್ಟು ಕೆಳಗ ಇಳೀಬ್ಯಾಡ್ರಿ ಸರ, ಭಾಳ ಆಳ ಐತಿ,” ಎಂದು ಹೇಳಿ, ತುಂಬಿದ ಬೋಗುಣಿಯನ್ನು ಆಟೋದಲ್ಲಿಡಲು ರಸ್ತೆಗೆ ಹೋದಳು. ಗೇಣುದ್ದ ನೀರು, ಏನಾದೀತು ಎಂದು ನಾನು ಇಳಿದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುವುದು ನನ್ನಂಥವರಿಗಾಗಿಯೇ.

ನಾಲ್ಕನೇ ಹೆಜ್ಜೆಗೆ ತೊಡೆಯವರೆಗೆ ಹೂತುಹೋದೆ. ಒಂದು ಕಾಲು ಎತ್ತಿದರೆ ಇನ್ನೊಂದು ಇಳಿಯುತ್ತಿತ್ತು. ಕೂಗಿದೆ. ಕಾರ್ಖಾನೆಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಬಾಗಿಲು ಬೆನ್ನ ಹಿಂದೆ ಉಳಿದಿತ್ತು, ದಂಡೆ ಕಣ್ಣೆದುರೇ ಇತ್ತು, ಎರಡೂ ಕೈಗೆ ಸಿಗುವಂತಿರಲಿಲ್ಲ. ಸೊಂಟ ಮುಳುಗಿದಾಗ ಅಲುಗಾಡುವುದನ್ನೇ ನಿಲ್ಲಿಸಿದೆ. ಆಗ ಒಳಗೆ ಸೇರಿದ್ದ ಹುಳುಗಳೆಲ್ಲ ಮೆಲ್ಲಗೆ ಹೊರಬಂದು ನನ್ನ ಸುತ್ತ ಬಾಲ ಆಡಿಸತೊಡಗಿದವು. ಅವುಗಳ ಪಾಲಿಗೆ ನಾನೂ ಕೆಸರೇ ಆಗಿಬಿಟ್ಟಿದ್ದೆ. ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಸತ್ತೇ ಹೋದೆ ಎಂದುಕೊಂಡೆ.

ಅಷ್ಟರಲ್ಲಿ, ನನ್ನೆದುರು ಒಂದು ಮೊಳ ದೂರದಲ್ಲಿ, ಅಂಗಾಲಿನಷ್ಟು ಜಾಗದಲ್ಲಿ ಹುಳುಗಳು ಥಟ್ಟನೆ ಒಳಗೆ ಹೋದವು. ಅದರ ಮುಂದೆ ಇನ್ನೊಂದು ಅಂಗಾಲು. ಮತ್ತೊಂದು. ದಂಡೆಯವರೆಗೂ ಹಾಗೆಯೇ. ಅಲ್ಲಿ ಯಾರೂ ಇರಲಿಲ್ಲ, ನೀರೂ ಕಲಕಲಿಲ್ಲ. ಮುಂದಕ್ಕೆ ಬಿದ್ದು ಮೊದಲ ಗುರುತಿನ ಮೇಲೆ ಕೈಯೂರಿದೆ. ಕೆಳಗೆ ಗಟ್ಟಿ ನೆಲ! ಒಂದೊಂದೇ ಗುರುತು ಹಿಡಿದು, ಮೈಯನ್ನು ಎಳೆದುಕೊಂಡು, ತೆವಳುತ್ತ ದಂಡೆ ಸೇರಿದೆ.

ಮಲ್ಲವ್ವ ಬಂದಾಗ ಎಲ್ಲ ಹೇಳಿ, ತೆವಳಿ ಬಂದ ಜಾಗ ತೋರಿಸಿದೆ. ಅವಳು ತನ್ನ ಉದ್ದನೆಯ ಬಿದಿರಿನ ಕೋಲನ್ನು ಅಲ್ಲಲ್ಲಿ ಚುಚ್ಚಿದಳು. ಪ್ರತಿ ಸಲವೂ ಅದು ಪೂರ್ತಿ ಇಳಿದುಹೋಯಿತು.

“ಇಲ್ಲಿ ನೆಲಾ ಎಲ್ಲೈತ್ರಿ ಸರ?” ಎಂದಳು. ಕೋಲನ್ನು ಎಳೆದುಕೊಂಡು, “ಜೀವಾ ಉಳೀತಲ್ಲ. ಇನ್ನ ಕೇಳಬ್ಯಾಡ್ರಿ,” ಎಂದಳು.

ನಾನು ಕೇಳದೆ ಬಿಟ್ಟಿಲ್ಲ. ಭೂಗರ್ಭಶಾಸ್ತ್ರದ ಗೆಳೆಯರನ್ನೂ ಕೇಳಿದೆ, ಅವರು ನಕ್ಕರು. ನೆಲವೇ ಇಲ್ಲದ ಕಡೆ ಆ ಮಧ್ಯಾಹ್ನ ನನ್ನ ಮುಂದೆ ನಡೆದವರು ಯಾರೋ, ಇಂದಿಗೂ ತಿಳಿದಿಲ್ಲ. ತಿಳಿದಿದ್ದರೆ ಕಾಲಿಗೆ ಬೀಳುತ್ತಿದ್ದೆ.