ಬೇಡ ಎಂಬುದರ ಅಳತೆ

ಯಜಮಾನರು ಹೋದ ಮೇಲೆ ನನಗೆ ಒಂದೇ ಕಡೆ ಕೂರಲು ಆಗುತ್ತಿರಲಿಲ್ಲ. ಯಲ್ಲಾಪುರದ ಬಾಡಿಗೆ ಮನೆಯಲ್ಲಿ ಇರುವುದೇ ಎರಡು ಕೋಣೆ. ಹಾಲು ಕಾಯಲಿಟ್ಟು ಬಾಗಿಲಿಗೆ ಬರುತ್ತಿದ್ದೆ, ಬಾಗಿಲಿಂದ ಮತ್ತೆ ಒಲೆಗೆ. ಹಾಗೆ ತಿರುಗುತ್ತಿದ್ದಾಗಲೇ ಕೊಚ್ಚಿಯಿಂದ ಬೀಗಿತ್ತಿಯ ಮೆಸೇಜು ಬಂತು: ಒಂದು ತಿಂಗಳು ನಿಮ್ಮ ಜೊತೆ ಬಂದು ಇರಲೇ?

ಮಗಳ ಅತ್ತೆ ಅವರು. ಅವರಿಗೆ ಕನ್ನಡ ಬಾರದು, ನನಗೆ ಮಲಯಾಳ ಬಾರದು. ನಡುವೆ ಇದ್ದದ್ದು ಇಂಗ್ಲಿಷ್. ಅದನ್ನು ಇಷ್ಟು ವರ್ಷ ಯಜಮಾನರೇ ನೋಡಿಕೊಳ್ಳುತ್ತಿದ್ದರು. ಬೀಗಿತ್ತಿ ಬಂದರೆ ಸಾಕು ಎಂದು ನನಗೆ ಜೀವ ಹಾತೊರೆಯುತ್ತಿತ್ತು. ಅವರೂ ಗಂಡನನ್ನು ಕಳೆದುಕೊಂಡವರು, ಅವರೆದುರು ನಾನು ಏನನ್ನೂ ವಿವರಿಸಬೇಕಿರಲಿಲ್ಲ. ಆದರೂ ಬೆರಳು ಬರೆದದ್ದು, 'ನಾಟ್ ನೀಡೆಡ್ ಅಟ್ ಆಲ್.'

ನಮ್ಮ ಕಡೆ ಹಾಗೇ. ಊಟಕ್ಕೆ ಕೂತವರು ಬಾಳೆ ಎಲೆಗೆ ಎರಡೂ ಕೈ ಅಡ್ಡ ಹಿಡಿದು ಬೇಡವೇ ಬೇಡ ಎನ್ನುತ್ತಾರೆ, ಬಡಿಸುವವರು ಬೆರಳ ಸಂದಿಯಲ್ಲೇ ಹೋಳಿಗೆ ಜಾರಿಸುತ್ತಾರೆ. ಬೀಗಿತ್ತಿಯೂ ಇನ್ನೊಮ್ಮೆ ಕೇಳಿಯಾರು ಎಂದುಕೊಂಡಿದ್ದೆ. ಕೇಳಲಿಲ್ಲ. ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ ಎಂದು ಬರೆದು ಸುಮ್ಮನಾದರು.

ಭಾನುವಾರ ಸಿದ್ದಾಪುರದಿಂದ ನಾದಿನಿ ಬಂದಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಮೊಬೈಲು ನೋಡಿ ಹಣೆ ಚಚ್ಚಿಕೊಂಡಳು.

"ಅತ್ತಿಗೆ, ನಿಂಗೆಂತ ಮಳ್ಳನೇ? ಇಲ್ಲಿ ಬ್ಯಾಡ ಅಂದ್ರೆ ಇನ್ನೊಂದು ಹಾಕ್ತ. ಅಟ್ ಆಲ್ ಅಂದ್ರೆ ಆ ಕಡೆಯವು ಪಾತ್ರೆನೇ ಒಳಗಿಡ್ತ!"

"ಈಗ ಎಂತ ಬರೆಯದು?"

"ಇದ್ದದ್ದು ಬರಿ. ಹ್ಯಾಂಗಿದ್ದೆ ನೀನು?"

ನಾಟ್ ವೆರಿ ವೆಲ್ ಎಂದು ಟೈಪ್ ಮಾಡಿದೆ. ಶಾಲೆಯಲ್ಲಿ ಕಲಿತು ಉಳಿದದ್ದು ಆ ವೆರಿ ಒಂದೇ.

"ಜ್ವರ ಬಂದಾಂಗೆ ಕಾಣ್ತು."

ಅಳಿಸಿ, ನಾಟ್ ವೆಲ್ ಅಟ್ ಆಲ್ ಎಂದು ಹಾಕಿದೆ.

"ಮತ್ತೆ ಅಟ್ ಆಲಾ! ಆಂಬುಲೆನ್ಸ್ ತಗಂಡೇ ಬರ್ತ ಈಗ. ಮಗಳೂ ಕೆಲಸ ಬಿಟ್ಟು ಓಡಿ ಬರ್ತು."

ನಾನೆದ್ದು ಬಾಗಿಲಿಗೆ ಹೋಗಿ ಬಂದೆ. ಅಷ್ಟರಲ್ಲಿ ಅವಳು ತಾನೇ ಬರೆದಿದ್ದಳು: 'ಐ ಆಮ್ ನಾಟ್ ರಿಯಲಿ ಮ್ಯಾನೇಜಿಂಗ್.'

"ರಿಯಲಿ ಅಂದ್ರೆ ನಿಜವಾಗಿ ಅಲ್ದನೇ?"

"ಇಲ್ಲಿ ಹಂಗಲ್ಲ. ಅಷ್ಟಾಗಿ ಸುಧಾರಿಸ್ಕಳಲೆ ಆಗ್ತಿಲ್ಲೆ ಹೇಳಿ ಅರ್ಥ. ಪೂರ್ತಿ ಬಿದ್ದೂ ಇಲ್ಲೆ, ಸರಿಯಾಗಿ ನಿಂತೂ ಇಲ್ಲೆ."

ಅಷ್ಟು ಹೇಳಿದವಳು ಮುಖ ಆಚೆ ತಿರುಗಿಸಿದಳು. ಹೋದವರು ಅವಳಿಗೆ ಅಣ್ಣ. ನಾನು ಕಳಿಸುವ ಗುಂಡಿ ಒತ್ತಿದೆ.

ಒಲೆಯ ಹತ್ತಿರ ಹೋಗುವುದರೊಳಗೆ ಫೋನು ಹೊಡೆದುಕೊಂಡಿತು.

"ಶಲ್ ಐ ಕಮ್?" ಬೀಗಿತ್ತಿಯ ದನಿ.

ಬಾಯಿ ತನ್ನಷ್ಟಕ್ಕೆ "ನೋ, ನೋ" ಎಂದು ಶುರುಮಾಡಿತು. ನಾದಿನಿ ಕಣ್ಣು ಕೆಕ್ಕರಿಸಿದಳು.

"ಯೆಸ್" ಎಂದೆ. ಅದರ ಹಿಂದೆ ಮುಂದೆ ಸೇರಿಸಲು ನನಗೆ ಏನೂ ತೋಚಲಿಲ್ಲ. ಅವರೂ ಕಾಯಲಿಲ್ಲ, ನಮ್ಮೂರಿಗೆ ರೈಲಿಲ್ಲವಲ್ಲ, ಕುಮಟಾಕ್ಕೆ ಬರುವುದು ಯಾವ ರೈಲು ಎಂದು ವಿಚಾರಿಸತೊಡಗಿದರು.