ನೀಲಿ ಬೆಳಕಿನಲ್ಲಿ ಉಳಿದ ಪಾಚಿ

ಬಣ್ಣದ ಮೀನು ಸಾಕುವ ಆ ಫಾರಂನಲ್ಲಿ ಎಲ್ಲರ ಬಾಯಲ್ಲೂ ಅವಳು ಪಾಚಿಯಕ್ಕ. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವಳು, ಶಾಲೆ ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದಳು. ಗಾಜಿನ ಜಾಡಿಗಳಲ್ಲಿ ಉಪ್ಪುನೀರು ತುಂಬಿ, ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಪಾಚಿ ಬೆಳೆಸುವುದು ಅವಳ ಕೆಲಸ. ಅದರೊಳಗಿನ ಕಿತ್ತಳೆ ಬಣ್ಣವೇ ಮೀನಿನ ಮೈಗೆ ಕೆಂಪು ತರಬೇಕು. ಆದರೆ ಪಾಚಿಯಲ್ಲಿ ಆ ಬಣ್ಣ ತೀರಾ ಕಡಿಮೆ; ಎಷ್ಟು ತಿನ್ನಿಸಿದರೂ ಮೀನುಗಳು ಬಿಳಿಚಿಕೊಂಡೇ ಇದ್ದವು.

ಗಂಡ ಅಂಗಡಿಗಳಿಗೆ ದೀಪದ ಬೋರ್ಡು ಮಾಡುವವನು. ಊಟಕ್ಕೆ ಕೂತಾಗ ಕೇಳಿದಳು. "ರೀ, ಮಿಕ್ಕಿರೋ ಕೆಂಪು, ನೀಲಿ ದೀಪದ ಪಟ್ಟಿ ಕೊಡ್ತೀರಾ?"

"ಯಾಕೆ, ಪಾಚಿ ಕೈಲಿ ನಾಟಕ ಆಡಿಸ್ತೀಯಾ?"

"ಪರೀಕ್ಷೆ ಬರೆಸ್ತೀನಿ. ಕೆಂಪು ಬೆಳಕು ಹೊಟ್ಟೆ ತುಂಬಿಸುತ್ತೆ. ನೀಲಿ ಜೋರಾದ್ರೆ ಮೈ ಕಾಪಾಡ್ಕೊಳ್ಳೋಕೆ ಕಿತ್ತಳೆ ಬಣ್ಣ ಕಟ್ಕೋತವೆ. ತಡ್ಕೊಂಡು ಉಳಿದವನ್ನ ಮತ್ತೆ ಬೆಳೆಸ್ತೀನಿ."

ಗಂಡನೇ ಫಾರಂಗೆ ಬಂದು ಪಟ್ಟಿ ಕಟ್ಟಿಕೊಟ್ಟ. ಅವಳು ನೀಲಿಯನ್ನು ಜೋರು ಮಾಡಿದಳು. ವಾರ ಕಳೆಯುವಷ್ಟರಲ್ಲಿ ಆ ಜಾಡಿಗಳ ನೀರೆಲ್ಲ ತಿಳಿಯಾಯಿತು. ಫಾರಂ ಯಜಮಾನರು ಇಣುಕಿ ನೋಡಿ ಮುಖ ಸಿಂಡರಿಸಿದರು. "ಎಲ್ಲಾ ಸತ್ತೋಗಿದೆಯಲ್ಲಮ್ಮ, ಚೆಲ್ಲಿಬಿಡಿ."

"ಎಲ್ಲಾ ಸತ್ತಿಲ್ಲ ಸರ್. ತಳದಲ್ಲಿ ಗಟ್ಟಿಗಿತ್ತಿಯರು ಕೂತಿದ್ದಾರೆ," ಎಂದಳು. ಅವಳ ದನಿಯಲ್ಲಿ ಅಳುಕಿರಲಿಲ್ಲ. ಬೆಳಿಗ್ಗೆಯೇ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದ್ದಳು.

ಉಳಿದವನ್ನು ಹೊಸ ನೀರಿಗೆ ಬಿಟ್ಟಳು. ಅವು ಬೆಳೆದು ನೀರು ದಟ್ಟವಾದಾಗ ನೀಲಿಯನ್ನು ಇನ್ನಷ್ಟು ಏರಿಸಿದಳು. ಮತ್ತೆ ಸಾವು, ಮತ್ತೆ ಚಿಗುರು. ಕೆಲವು ತಿಂಗಳಲ್ಲಿ ಜಾಡಿಗಳು ಕಿತ್ತಳೆಗೆ ತಿರುಗಿದವು. ಯಜಮಾನರು ಹಿರಿಹಿರಿ ಹಿಗ್ಗಿ, "ಇನ್ನು ಮೀನಿಗೆ ಹಾಕೋಣ" ಎಂದರು.

"ತಾಳಿ ಸರ್. ಇದು ಬರೀ ದೀಪದ ಆಟವೋ, ತಳಿಯೇ ಬದಲಾಗಿದೆಯೋ ನೋಡ್ಬೇಕು."

ಮೊದಲೇ ಬೇರೆ ತೆಗೆದಿಟ್ಟಿದ್ದ ಹಳೆಯ ಪಾಚಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಎರಡಕ್ಕೂ ಮಾಮೂಲಿ ಬಿಳಿ ಬೆಳಕನ್ನೇ ಕೊಟ್ಟಳು. ಎಷ್ಟೋ ಪೀಳಿಗೆ ಉರುಳಿದ ಮೇಲೂ ಹೊಸದರಲ್ಲಿ ಬಣ್ಣ ಮಾಸಲಿಲ್ಲ. ಸೋಸಿ ಒಣಗಿಸಿ ಅಳೆದರೆ, ಅಷ್ಟೇ ನೀರಿನಲ್ಲಿ ಹಳೆಯದಕ್ಕಿಂತ ಹೆಚ್ಚೂಕಡಿಮೆ ಎರಡರಷ್ಟು ಬಣ್ಣ ಸಿಕ್ಕಿತು. ಆಗಷ್ಟೇ ಅವಳು ಕುರ್ಚಿಗೊರಗಿ ನಕ್ಕಳು.

ಹೊಸ ಮೇವು ತಿಂದ ಮೀನುಗಳು ಕೆಂಡದಂತೆ ಕೆಂಪಾದವು. ಅವುಗಳನ್ನು ತೋರಿಸಲು ಯಜಮಾನರು ಖುದ್ದಾಗಿ ಪಾಚಿ ಕೋಣೆಗೆ ಬಂದು ಅವಳನ್ನು ಕರೆದೊಯ್ದರು. ನೋಡುತ್ತ ನಿಂತವಳು ತಿರುಗಿ, "ಸರ್, ಜಾಡಿ ಸಾಲಲ್ಲ. ಇನ್ಮೇಲೆ ನನಗೆ ತೊಟ್ಟಿ ಬೇಕು," ಎಂದಳು.

"ಎಷ್ಟು ದೊಡ್ಡದಮ್ಮ?"

ಅವಳು ಅಂಗಳಕ್ಕಿಳಿದು, ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದಳು.