ಏಳು ಮರಿಗಳ ಕಿವಿ

ನನ್ನ ಮೊಮ್ಮಗಳಿಗೆ ಡಾಕ್ಟರೇಟ್ ಸಿಕ್ಕಿತು! ಸತ್ತ ಏಳು ಕುರಿಮರಿಗಳನ್ನೂ ಬಿಡದೆ ಬರೆದೇ ಸಿಕ್ಕಿತು. ಮಧ್ಯಾಹ್ನ ಫೋನ್ ಬಂದದ್ದೇ ತಡ, ಹೊಳವನಹಳ್ಳಿ ಬಸ್‌ಸ್ಟಾಪಿನ ತನಕ ಕಂಡಕಂಡವರಿಗೆಲ್ಲ ಹೇಳಿ ಬಂದೆ. ಆದರೂ ಬಾಯೊಳಗಿನ ಕಹಿ ಹೋಗಿಲ್ಲ.

ಮರಿಗಳ ಹೊಟ್ಟೆಹುಳಕ್ಕೆ ಒಂದು ಸೊಪ್ಪಿನ ಪುಡಿ ಆಗಿಬರುತ್ತದೆಯೇ ಎಂದು ನೋಡುವುದು ಅವಳ ಓದು. ನಮ್ಮ ಹಟ್ಟಿಯ ಮರಿಗಳಿಗೇ ಕಿವಿಗೊಂದು ನಂಬರಿನ ಬಿಲ್ಲೆ ಚುಚ್ಚಿ, ಪುಡಿ ತಿನ್ನಿಸಿ, ವಾರಕ್ಕೊಮ್ಮೆ ತೂಗಿ ಬರೆದುಕೊಂಡಳು. ಪುಡಿ ತಿಂದವುಗಳಲ್ಲಿ ಏಳು ಸತ್ತವು.

ನೋಡಲು ಅವಳ ಗೈಡು ಕಾರಿನಲ್ಲಿ ಬಂದರು. ಮುದ್ದೆ, ಕೋಳಿಸಾರು ಮಾಡಿದ್ದೆ. "ಸಾರು ಅಂದ್ರೆ ಇದು ಅಜ್ಜಿ," ಎಂದು ಎರಡು ಸಲ ಬಡಿಸಿಕೊಂಡರು. ಬೆರಳು ನೆಕ್ಕುತ್ತಲೇ ಅವಳಿಗೆ ಹೇಳಿದರು: "ಆ ಏಳು ಮೊದಲೇ ಕಾಯಿಲೆಯವು ಅಂದ್ಕೊ. ಪಟ್ಟಿಯಿಂದ ತೆಗೆದುಹಾಕಮ್ಮ. ಇಲ್ಲದಿದ್ರೆ ನನ್ನ ಸಹಿ ಇಲ್ಲ."

ಹೇಸಿಗೆಯಾಯಿತು. ಆ ಏಳನ್ನೂ ಮಡಿಲಲ್ಲಿಟ್ಟುಕೊಂಡು ಬಾಟಲಿ ಹಾಲು ಕುಡಿಸಿದವಳು ನಾನು. ಉಂಡ ಬಾಯಲ್ಲೇ ಅವು ಹುಟ್ಟೇ ಇಲ್ಲ ಅನ್ನುತ್ತಾನಲ್ಲ ಈ ಮನುಷ್ಯ! ಕಾರು ಹೋದ ಮೇಲೆ ಆ ತಟ್ಟೆಯನ್ನು ಬೂದಿ ಹಾಕಿ ಮೂರು ಸಲ ಉಜ್ಜಿ ಅಟ್ಟಕ್ಕೆಸೆದೆ.

ಅದಕ್ಕಿಂತ ಹೇಸಿಗೆ ನನ್ನ ಬಾಯಿಯದು. "ಹೋಗ್ಲಿ ಬುಡೇ, ಸತ್ತೋದ್ವು ಎದ್ದು ಬತ್ತಾವಾ? ತಗ್ದಾಕು, ಓದು ಮುಗೀಲಿ," ಎಂದು ಅವತ್ತೇ ಅವಳಿಗೆ ನಾನೂ ಹೇಳಿದ್ದೆ.

"ತಾತ ಸತ್ತ ಕುರಿ ಕಿವಿ ಯಾಕಜ್ಜಿ ತತ್ತಿದ್ದ?" ಎಂದಳು ಮೊಮ್ಮಗಳು.

ನಮ್ಮ ಯಜಮಾನರು ಊರವರ ಕುರಿ ಪಾಲಿಗೆ ಮೇಯಿಸುತ್ತಿದ್ದರು. ಶಿರಾ ಬಯಲಲ್ಲಿ ಒಂದು ಸತ್ತರೂ ಅದರ ಕಿವಿ ಕೊಯ್ದು ತಂದು ಒಡೆಯನ ಮುಂದಿಡಬೇಕು. ಅವನು ಕಿವಿಯಲ್ಲಿ ತಾನು ಹಾಕಿದ್ದ ಗುರುತು ನೋಡಿ ಒಪ್ಪಬೇಕು. ಕಿವಿ ತಾರದವನು ಕುರಿ ಮಾರಿಕೊಂಡ ಎಂದೇ ಅರ್ಥ.

"ಪಾವಗಡದ ಕಡೆಯೋರು ಯಾರಾದ್ರೂ ನನ್ನ ಬರಹ ನಂಬಿ ಮರಿಗಳಿಗೆ ಈ ಪುಡಿ ಹಾಕಿದ್ರೆ? ಅವ್ರಿಗೆ ಈ ಏಳರ ಕಿವಿ ತೋರ್ಸೋರು ಯಾರು?" ಎಂದಳು.

ತೂಕದ ಪುಸ್ತಕದ ಪುಟಪುಟವನ್ನೂ, ಸತ್ತ ಏಳರ ಬಿಲ್ಲೆಗಳನ್ನೂ ಫೋಟೊ ಹಿಡಿದು, ಯಾರು ಬೇಕಾದರೂ ನೋಡಲಿ ಎಂದು ಇಂಟರ್ನೆಟ್ಟಿಗೆ ಹಾಕಿಬಿಟ್ಟಳು. ಗೈಡು ಸಹಿ ಹಾಕಲಿಲ್ಲ. ಮೇಲಿನವರಿಗೆ ಅರ್ಜಿ ಕೊಟ್ಟು ಬೇರೆ ಗೈಡು ಸಿಗುವಷ್ಟರಲ್ಲಿ ಒಂದು ವರ್ಷ ಹೋಯಿತು. ಇವತ್ತು ಪರೀಕ್ಷೆ ಮಾಡಿದವರು ಅದನ್ನೆಲ್ಲ ಓದಿಕೊಂಡೇ ಬಂದಿದ್ದರಂತೆ. ಆ ಏಳರ ಬಗ್ಗೆಯೇ ಕೇಳಿ ಕೇಳಿ ಮೆಚ್ಚಿದರಂತೆ. ಹಳೆಯ ಗೈಡೂ ಫೋನಿಗೆ ಹೂವಿನ ಚಿತ್ರ ಕಳಿಸಿದ್ದಾರೆ, "ನನ್ನ ಶಿಷ್ಯೆ" ಎಂದು. ಥೂ!

ಸಂಜೆ ಬಸ್ಸಿಗೆ ಅವಳು ಬಂದಳು. ಮಧುಗಿರಿಯಿಂದ ಮಗಳ ಮನೆಯವರೂ ಬಂದರು. ಉಣ್ಣಲು ಕೂತರೆ ಒಂದು ತಟ್ಟೆ ಕಡಿಮೆ. ಮೊಮ್ಮಗಳು ಅಟ್ಟಕ್ಕೆ ಕೈ ಹಾಕಿದಳು.

"ಅದು ಬ್ಯಾಡ ಕಣೇ, ಅವ್ನುಂಡಿದ್ದು!"

"ತಟ್ಟೆ ಏನ್ಮಾಡ್ತು ಕಣಜ್ಜಿ? ಹಾಕು ಮುದ್ದೆ."

ಹಾಕಿದೆ. ಅವಳು ಮೊದಲ ತುತ್ತು ಮುರಿದು, ಸಾರಲ್ಲಿ ಅದ್ದಿ ನನ್ನ ಬಾಯಿಗಿಟ್ಟಳು. ನುಂಗಿದೆ. ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಹೊಟ್ಟೆ ತುಂಬ ಉಂಡೆವು.